ಆಟದ ಪೆಟ್ಟಿಗೆಯ ಉಸಿರು ಕೇಳುವ ಫ್ಯಾನಕ್ಕ

ಬೆಳಕು ಇನ್ನೂ ಕಿಟಕಿಯ ಸರಳು ದಾಟಿಲ್ಲ. ಯಾರದೋ ಮನೆಯ ಹಜಾರದಲ್ಲಿ ರಿಪೇರಿ ಅಂಗಡಿಯ ಫ್ಯಾನಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಂಪ್ಯೂಟರ್ ಪೆಟ್ಟಿಗೆಗೆ ಕಿವಿ ಕೊಟ್ಟಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ನಿವೃತ್ತ ಬಸ್ ಡ್ರೈವರ್ ತಾತ ಆಟದ ಸ್ಟೀರಿಂಗ್ ಹಿಡಿದಿದ್ದಾರೆ. ಪರದೆಯ ಮೇಲೆ ಖಾಲಿ ಬಸ್ಸೊಂದು ಘಾಟಿ ಹತ್ತುತ್ತಿದೆ.

"ಈಗ ನೋಡಮ್ಮ, ಮೂರನೇ ತಿರುವು. ಇಲ್ಲೇ ಕೈ ಕೊಡೋದು" ಎನ್ನುತ್ತಾರೆ ತಾತ.

ಮೂರನೇ ತಿರುವು ದಾಟುತ್ತದೆ. ನಾಲ್ಕನೆಯದೂ ದಾಟುತ್ತದೆ. ಬಸ್ಸು ಒಮ್ಮೆಯೂ ಮುಗ್ಗರಿಸದೆ ಗುಡ್ಡದ ನೆತ್ತಿಗೆ ಹೋಗಿ ನಿಲ್ಲುತ್ತದೆ.

"ನೋಡಿದ್ಯಾ ಇದರ ನಾಟಕ? ನಿನ್ನೆದುರಿಗೆ ಮಾತ್ರ ಬಾಲ ಮಡಚಿಕೊಂಡಿರತ್ತೆ!" ತಾತನಿಗೆ ಸಿಟ್ಟು, ನಾಚಿಕೆ ಎರಡೂ.

ಆಟದ ನಡುವೆ ಪರದೆ ಕಪ್ಪಾಗಿ, ಪೆಟ್ಟಿಗೆ ತಣ್ಣಗೆ ಸತ್ತಂತೆ ಆಗುವುದು ಈ ಮನೆಯ ರಗಳೆ. ಎರಡು ಸಲ ಅಂಗಡಿಗೆ ಹೊತ್ತುಕೊಂಡು ಹೋಗಿದ್ದಾರೆ. ಫ್ಯಾನಕ್ಕ ಧೂಳು ಒರೆಸಿದರು, ಒಳಗಿನ ಚಿಪ್ಪಿನ ಬಿಸಿ ಇಳಿಸುವ ಮುಲಾಮು ಬದಲಿಸಿದರು, ಕೊನೆಗೆ ಕರೆಂಟಿನ ಡಬ್ಬಿಯನ್ನೇ ಹೊಸದು ಹಾಕಿದರು. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಆಡಿಸಿದರೂ ಪೆಟ್ಟಿಗೆ ಕೆಮ್ಮಲಿಲ್ಲ. ಮನೆಗೆ ಬಂದ ಮರುದಿನವೇ ಹಳೇ ಚಾಳಿ. ಅದಕ್ಕೇ ಈಗ ಅವರೇ ನಸುಕಿಗೆ ಎದ್ದು, ತಾತ ಆಡುವ ಹೊತ್ತಿಗೇ ಬಂದು ಕೂತಿದ್ದಾರೆ. ರೋಗಿ ಮಲಗುವ ಮಂಚವನ್ನೂ ನೋಡಬೇಕು ಎನ್ನುವುದು ಅವರ ಪದ್ಧತಿ.

ವಯಸ್ಸಾದವರ ಆಟಕ್ಕೆ ಇಷ್ಟೊಂದು ಒದ್ದಾಟವೇ ಎಂದು ಮೂಗು ಮುರಿಯಬೇಡಿ. ಕಣ್ಣು ಮಂಜಾಗಿ ತಾತನ ಲೈಸೆನ್ಸ್ ಹೋಗಿದೆ. ಆದರೆ ಮೊದಲ ಟ್ರಿಪ್‌ನ ಹೊತ್ತಿಗೆ ಎಚ್ಚರವಾಗುವ ಅಭ್ಯಾಸ ಹೋಗಿಲ್ಲ. ದೂರದೂರಿನಲ್ಲಿರುವ ಮೊಮ್ಮಗಳು ಶಾಲೆಗೆ ಹೊರಡುವ ಮುಂಚೆ ತನ್ನ ಮನೆಯಿಂದಲೇ ಈ ಆಟದ ಬಸ್ಸು ಹತ್ತುತ್ತಾಳೆ. ದಾರಿಯುದ್ದಕ್ಕೂ ಅವಳದೇ ಮಾತು. ತಾತನಿಗೆ ದಿನಕ್ಕೆ ಸಿಗುವ ಮೊಮ್ಮಗಳು ಅಷ್ಟೇ. ಬಸ್ಸು ಮತ್ತೆ ಮತ್ತೆ ಘಾಟಿಯಲ್ಲೇ ಆರಿಹೋದ ಮೇಲೆ ಅವಳೂ ಬೇಸತ್ತಿದ್ದಾಳೆ. "ಸರಿಯಾದ ಮೇಲೆ ಕರಿ ತಾತ, ಆಮೇಲೆ ಬರ್ತೀನಿ" ಎಂದು ಹೇಳಿ ನಾಲ್ಕು ದಿನದಿಂದ ಬಂದಿಲ್ಲ.

"ಸರ್ವಿಸಲ್ಲಿ ಇದ್ದಷ್ಟು ದಿನ ಒಬ್ಬ ಪ್ಯಾಸೆಂಜರನ್ನೂ ನಡುದಾರೀಲಿ ಇಳಿಸಿದವನಲ್ಲಮ್ಮ ನಾನು" ಎನ್ನುತ್ತಾರೆ ತಾತ. ಫ್ಯಾನಕ್ಕ ತಿರುಪುಳಿಯ ಹಿಡಿಯನ್ನು ಸೆರಗಿನಲ್ಲಿ ಒರೆಸುತ್ತಾರೆ.

ಅವರ ಅಂಗಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮೆಟ್ಟಿಲ ಕೆಳಗಿದೆ. ಇಬ್ಬರು ನಿಂತರೆ ಮೂರನೆಯವರು ಓಣಿಯಲ್ಲೇ ನಿಲ್ಲಬೇಕು. ಮೊದಲು ಅಣ್ಣ ಅಲ್ಲಿ ಸೀಲಿಂಗ್ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಿದ್ದ. ತಂಗಿ ತಂತಿ ಸುತ್ತಿಕೊಡುತ್ತಿದ್ದಳು. ಅಣ್ಣ ಸೋಫಾ ವ್ಯಾಪಾರಕ್ಕೆ ಹೋದ, ತಂಗಿ ಮೇಜು ಬಿಡಲಿಲ್ಲ. ಓಣಿಯ ಹುಡುಗರು ಆಟದ ಕಂಪ್ಯೂಟರು ತರತೊಡಗಿದಾಗ, ಅದರೊಳಗೂ ತಿರುಗುವುದು ಫ್ಯಾನೇ ಅಲ್ಲವೇ ಎಂದು ಧೈರ್ಯ ಮಾಡಿದರು. ಎಷ್ಟೋ ಪೆಟ್ಟಿಗೆ ಬಿಚ್ಚಿ, ಒಂದೆರಡನ್ನು ಸುಟ್ಟು, ಬೈಸಿಕೊಂಡು ಕಲಿತರು. ಈಗ ದಿನಕ್ಕೆ ಮೂರೋ ನಾಲ್ಕೋ ಬರುತ್ತವೆ. ಹೆಚ್ಚಿನವುಗಳ ದೂರು ಒಂದೇ: ಆಡ್ತಾ ಆಡ್ತಾ ಆಫ್ ಆಗತ್ತೆ.

ಹೊಸ ಗಿರಾಕಿ ಮಾತ್ರ ಇವತ್ತಿಗೂ ಇಣುಕಿ ನೋಡಿ, "ಅಣ್ಣ ಇಲ್ವಾ?" ಎಂದೇ ಕೇಳುತ್ತಾನೆ. "ಊಟಕ್ಕೆ ಹೋಗಿದ್ದಾನೆ, ಬರೋಷ್ಟರಲ್ಲಿ ರಿಪೇರಿ ಆಗಿರತ್ತೆ, ಇಟ್ಟು ಹೋಗಿ" ಎನ್ನುತ್ತಾರೆ ಫ್ಯಾನಕ್ಕ. ಹಾಗೆ ಊಟಕ್ಕೆ ಹೋದ ಅಣ್ಣ ವರ್ಷಗಳಾದರೂ ಕೈ ತೊಳೆದಿಲ್ಲ! ನಗುತ್ತಲೇ ಹೇಳುತ್ತಾರೆ, ಆದರೆ ನೋವಿಲ್ಲವೇ? ಇದೆ. "ಹೆಂಗಸು ಬಿಚ್ಚಿದ್ದು ಅಂತ ಗೊತ್ತಾದ್ರೆ, ಸರಿಯಾಗಿರೋದೂ ಕೆಟ್ಟಂಗೆ ಕಾಣತ್ತೆ ಕೆಲವರಿಗೆ. ಜಗಳ ಯಾಕೆ ಅಂತ ಅಣ್ಣನ್ನ ಊಟಕ್ಕೆ ಕಳಿಸ್ತೀನಿ."

ಮತ್ತೆ ತಾತನ ಮನೆಗೆ ಬರೋಣ. ಫ್ಯಾನಕ್ಕ ಸೋಲೊಪ್ಪಿ ಏಳುವ ಹೊತ್ತಿಗೆ ಅಜ್ಜಿ ಚಹಾ ತರುತ್ತಾರೆ. ಲೋಟ ಹಿಡಿದು ಫ್ಯಾನಕ್ಕ ಮೊದಲ ಬಾರಿಗೆ ಮನೆಯನ್ನು ಕಣ್ಣಿಟ್ಟು ನೋಡುತ್ತಾರೆ. ಟೀವಿಗೆ ನೀಲಿ ಹೊದಿಕೆ. ಫ್ರಿಜ್ಜಿನ ತಲೆಗೆ ನೀಲಿ ಟೊಪ್ಪಿ. ಹೊಲಿಗೆ ಯಂತ್ರಕ್ಕೆ, ಮಿಕ್ಸಿಗೆ, ಕೊನೆಗೆ ಬಾಗಿಲ ಹಿಡಿಗೂ ಅಂಚು ಕಟ್ಟಿದ ನೀಲಿ ಅಂಗಿ. ಇಡೀ ಮನೆಯಲ್ಲಿ ಬರಿಮೈಯಲ್ಲಿರುವುದು ಕಂಪ್ಯೂಟರ್ ಒಂದೇ.

"ಅಮ್ಮಾ, ಇದಕ್ಕೊಂದು ಹೊಲಿದಿಲ್ವಾ?"

ಅಜ್ಜಿ ನಾಚುತ್ತಾರೆ. "ಅಯ್ಯೋ, ಹೊಲೀದೇ ಇರ್ತೀನಾ? ಮಾಸಿತ್ತು. ನೀನು ಬರ್ತೀಯಂತ ತೆಗೆದಿಟ್ಟೆ."

"ಅಂಗಡಿಗೆ ತಂದಾಗ?"

"ಹೊರಗೆ ಹೋದ್ರೆ ಕೊಳೆಯಾಗಲ್ವಾ? ತೆಗೆದೇ ಕಳಿಸಿದ್ದು."

ಬೀರುವಿನಿಂದ ಹೊದಿಕೆ ಬರುತ್ತದೆ. ದಪ್ಪ ಬಟ್ಟೆ, ಒಳಗೊಂದು ಪದರ, ಅಂಚಿಗೆ ಹೂವು. ಗುಂಡಿ ಒತ್ತಲು ಎದುರಿಗೊಂದು ಕಿಂಡಿ ಬಿಟ್ಟರೆ ಪೆಟ್ಟಿಗೆಗೆ ಗಾಳಿ ಹೋಗಲು ದಾರಿಯೇ ಇಲ್ಲ. ಫ್ಯಾನಕ್ಕ ಅದನ್ನು ತೊಡಿಸಿ, ತಾತನಿಗೆ ಮತ್ತೆ ಬಸ್ಸು ಹೊರಡಿಸಲು ಹೇಳುತ್ತಾರೆ. ಘಾಟಿ ಶುರುವಾಗುತ್ತಿದ್ದಂತೆ ಫ್ಯಾನಿನ ಸದ್ದು ಏರುತ್ತದೆ, ಕಿರುಗುಟ್ಟುತ್ತದೆ. ಮೂರನೇ ತಿರುವಿನಲ್ಲಿ ಪರದೆ ಕಪ್ಪಾಗುತ್ತದೆ.

ಫ್ಯಾನಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಫ್ಯಾನಿನ ರೆಕ್ಕೇಲಿ ನೀಲಿ ನೂಲು ಸಿಕ್ಕಿತ್ತು ಕಣಮ್ಮ. ಧೂಳು ಅಂತ ಉಜ್ಜಿ ಬಿಸಾಕಿದೆ. ನಾನು ದಡ್ಡಿ, ಸುಮ್ನೆ ಆ ಹೊಸ ಕರೆಂಟಿನ ಡಬ್ಬಿ ಹಾಕಿದ್ದು. ನಾಳೆ ಬಂದು ನಿಮ್ಮ ಹಳೇದನ್ನೇ ಹಾಕಿಕೊಡ್ತೀನಿ."

ಅಜ್ಜಿಯ ಮುಖ ಬಾಡುತ್ತದೆ. "ಅಂದ್ರೆ ಮಗು ಬಸ್ಸು ಹತ್ತದೇ ಇದ್ದದ್ದು ನನ್ನಿಂದ್ಲೇ?"

"ಹಂಗನ್ನಬೇಡಿ. ನಿಮ್ಮ ಬಟ್ಟೆ ಇಲ್ದಿದ್ರೆ ಇದು ಧೂಳು ತಿಂದೇ ಸಾಯ್ತಿತ್ತು. ಮಲಗಿದಾಗ ಹೊದಿಸಿ, ದುಡಿಯೋವಾಗ ತೆಗೀರಿ. ಅಷ್ಟೇ."

"ಇವಳದೇನು ತಪ್ಪು?" ತಾತ ನಡುವೆ ಬರುತ್ತಾರೆ. "ಇಂಜಿನ್ನಿಗೆ ರಗ್ಗು ಹೊದಿಸಿ ಘಾಟಿ ಹತ್ತಿಸ್ತಿದ್ದೋನು ನಾನು! ಲೈಸೆನ್ಸ್ ಕಿತ್ಕೊಂಡಿದ್ದು ಸರಿಯಾಗೇ ಇದೆ." ಅಜ್ಜಿಗೆ ನಗು ತಡೆಯಲಾಗುವುದಿಲ್ಲ, ಕಣ್ಣಲ್ಲಿ ನೀರೂ ನಿಲ್ಲುವುದಿಲ್ಲ.

ಈ ಕೆಲಸದಲ್ಲಿ ಶಹಬ್ಬಾಸ್ ಎನ್ನುವವರು ಕಡಿಮೆ. "ಕೆಟ್ಟಾಗ ಫೋನ್ ಮಾಡ್ತಾರೆ, ಸರಿಯಾದ್ರೆ ಮಾಡಲ್ಲ. ಫೋನ್ ಬರ್ಲಿಲ್ಲ ಅಂದ್ರೆ ನಾನು ಪಾಸು ಅಂತ ಲೆಕ್ಕ" ಎನ್ನುತ್ತಾರೆ ಫ್ಯಾನಕ್ಕ. ಒಂದೇ ಆಸೆಯಂತೆ: ಆಟ ಮುಗಿಯಿತು ಅಂತ ಹೇಳಲು ಯಾರಾದರೂ ಒಮ್ಮೆ ಫೋನ್ ಮಾಡಬೇಕು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಮೇಲಕ್ಕೆತ್ತುವಷ್ಟರಲ್ಲೇ ಫೋನ್ ಬಡಿದುಕೊಳ್ಳುತ್ತದೆ. ತಾತನ ನಂಬರು.

"ಮತ್ತೆ ಆರಿಹೋಯ್ತಾ ಯಜಮಾನ್ರೇ?"

ಆ ಕಡೆಯಿಂದ ಬಸ್ಸಿನ ಸದ್ದು ಮಾತ್ರ. ಆಮೇಲೆ, ಎಲ್ಲೋ ದೂರದಿಂದ, ಪುಟ್ಟ ಹುಡುಗಿಯೊಬ್ಬಳ ಕೂಗು: "ಕೊನೇ ಸ್ಟಾಪ್! ಎಲ್ಲಾ ಇಳೀರಿ, ಇಳೀರಿ! ತಾತ, ನೀನೂ ಇಳಿ!"

"ಕೇಳಿಸ್ತಾ?" ಎನ್ನುತ್ತಾರೆ ತಾತ. "ಅದಕ್ಕೇ ಫೋನ್ ಮಾಡಿದೆ."

ಫ್ಯಾನಕ್ಕ ಫೋನನ್ನು ಕಿವಿಯಿಂದ ತೆಗೆಯದೆಯೇ ಬಾಗಿಲಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಕಂಕುಳಲ್ಲಿ ಪೆಟ್ಟಿಗೆ ಇರುಕಿಕೊಂಡ ಗಿರಾಕಿಯೊಬ್ಬ ಓಣಿಯಿಂದ ಬಗ್ಗಿ ನೋಡುತ್ತಾನೆ.

"ಅಣ್ಣ ಇಲ್ವಾ?"

"ಇಲ್ಲ" ಎನ್ನುತ್ತಾರೆ ಫ್ಯಾನಕ್ಕ, ಬಾಗಿಲನ್ನು ಪೂರ್ತಿ ಮೇಲಕ್ಕೆತ್ತುತ್ತಾ. "ಇಲ್ಲಿ ರಿಪೇರಿ ಮಾಡೋಳು ನಾನೇ. ಒಳಗೆ ತನ್ನಿ."