ಬೇರೆಯವರ ಹೆಸರಿಗೆ ಎದ್ದು ನಿಂತೆ

2013ನೆಯ ಇಸವಿ, ಒಂದು ಗುರುವಾರ. ಮಧ್ಯಾಹ್ನ ಎರಡೂವರೆಗೆ ಸ್ವಲ್ಪ ಮುಂಚೆ ನಾನು ನೈರೋಬಿಯ ಸಂಸತ್ ಭವನದಲ್ಲಿ, ರಾಷ್ಟ್ರೀಯ ಸಭೆಯ ಸಾರ್ವಜನಿಕ ಗ್ಯಾಲರಿಯ ಎರಡನೆಯ ಸಾಲಿನಲ್ಲಿ ನಿಂತಿದ್ದೆ. ನನ್ನ ಬಲಕ್ಕೆ ಗೋಡೆ. ಎಡಕ್ಕೆ ಆಲ್ಬರ್ಟ್ ಡಿಸೋಜ, ಅವರ ಎಡಕ್ಕೆ ಅವರ ಹೆಂಡತಿ ಸ್ಟೆಲ್ಲಾ. ಯಾರು ಯಾವ ಕಡೆ ಇದ್ದೆವು ಎಂಬುದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಅದೇ ದಿನ ಸಂಜೆಯೊಳಗೆ ಈ ಮಾತು ತುಂಬಾ ಮುಖ್ಯವಾಯಿತು.

ಆಲ್ಬರ್ಟ್ ಮತ್ತು ನಾನು ಒಂದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರು ಕಾರ್ಕಳದ ಕಡೆಯವರು, ಚರಿತ್ರೆಯ ಮೇಷ್ಟ್ರು. ನಾನು ತಿಪಟೂರಿನವನು, ಗಣಿತದ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಒಂದೆರಡು ವರ್ಷ ಹಿಂದುಮುಂದಾಗಿ ಕೀನ್ಯಾಕ್ಕೆ ಬಂದು, ಪಾರ್ಕ್‌ಲ್ಯಾಂಡ್ಸ್‌ನ ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಮನೆ ಮಾಡಿಕೊಂಡಿದ್ದೆವು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದೇನೂ ಗುಟ್ಟಲ್ಲ. ನಮ್ಮ ಕಡೆಯ ಕನ್ನಡದವರಿಗೆಲ್ಲ ಗೊತ್ತಿತ್ತು, ಆಲ್ಬರ್ಟರಿಗೂ ಗೊತ್ತಿತ್ತು. ಅವರು ಕೈ ಎತ್ತುವ ಮೊದಲೇ ಮಟಾಟು ವ್ಯಾನು ನಿಲ್ಲುತ್ತಿತ್ತು. ನಾನು ಓಡಿ ಹೋಗಿ ಹತ್ತಬೇಕು. ಮಾರುಕಟ್ಟೆಯ ಹೆಂಗಸರು ಅವರ ಚೀಲಕ್ಕೆ ಕೇಳದೆಯೇ ಒಂದು ಮಾವಿನಹಣ್ಣು ಹೆಚ್ಚಿಗೆ ಹಾಕುತ್ತಿದ್ದರು. ಯುಗಾದಿಗೆ ಕನ್ನಡದವರು ಸೇರಿದರೆ ಕುರ್ಚಿ ಜೋಡಿಸುವವನು ನಾನು, ಭಾಷಣ ಮಾಡುವವರು ಅವರು. ಯುಗಾದಿ ನನ್ನ ಹಬ್ಬ, ಅವರದಲ್ಲ!

ಆ ವರ್ಷ ಚುನಾವಣೆಯಾಗಿ ಹೊಸ ಸಂಸತ್ತು ಕೂಡಿತ್ತು. ನಮ್ಮಿಬ್ಬರ ಹಳೆಯ ವಿದ್ಯಾರ್ಥಿನಿ ಅಚಿಯೆಂಗ್ ಅದಕ್ಕೆ ಆರಿಸಿ ಬಂದಿದ್ದಳು. ಸದನದಲ್ಲಿ ತನ್ನ ಮೊದಲ ಭಾಷಣದ ದಿನ ಕೇಳಲು ಬನ್ನಿ ಎಂದು ನಮಗೆ ಗ್ಯಾಲರಿಯ ಪಾಸು ಕಳಿಸಿದಳು. ಈ ಹುಡುಗಿಗೆ ನಾನು ನಾಲ್ಕು ವರ್ಷ ಗಣಿತ ಹೇಳಿಕೊಟ್ಟಿದ್ದೆ. ಶನಿವಾರಗಳಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಬೀಜಗಣಿತ ಮಾಡಿಸಿದ್ದೆ. ನನ್ನ ಹೆಂಡತಿ ಲಲಿತಾ ಮಾಡಿದ ಉಪ್ಪಿಟ್ಟನ್ನು ಅವಳು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದಳು. ಆಲ್ಬರ್ಟ್ ಅವಳಿಗೆ ಪಾಠ ಮಾಡಿದ್ದು ಒಂದೇ ವರ್ಷ. ಜೊತೆಗೆ ಚರ್ಚಾಕೂಟ ನಡೆಸುತ್ತಿದ್ದರು, ಅಷ್ಟೇ. ಹಾಗಾಗಿ ಭಾಷಣದಲ್ಲಿ ಮೇಷ್ಟ್ರೊಬ್ಬರ ಹೆಸರು ಬರುವುದಾದರೆ ಅದು ಯಾರದು ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ.

ನಾನು ಸೂಟಿಗೆ ಇಸ್ತ್ರಿ ಮಾಡುವುದನ್ನು ನೋಡಿ ಲಲಿತಾ, "ಭಾಷಣ ಮಾಡೋದು ಆ ಹುಡುಗಿ ಕಣ್ರೀ, ನೀವಲ್ಲ" ಎಂದಳು. ಅವಳಿಗೆ ಅಂದು ನರ್ಸರಿ ಶಾಲೆಯ ಕೆಲಸವಿತ್ತು, ಬರಲಿಲ್ಲ.

ಆಲ್ಬರ್ಟರೇ ಕಾರು ಓಡಿಸಿದರು. ನಾನು ಹತ್ತಿ ಕುಳಿತ ಕೂಡಲೇ ಶುರುಮಾಡಿದರು.

"ಎಂತ ಮೇಷ್ಟ್ರೇ, ಮದುಮಗನ ಹಾಗೆ ಹೊರಟಿದ್ದೀರಿ?"

"ಪಾರ್ಲಿಮೆಂಟಿಗೆ ಹೋಗೋದಲ್ವಾ? ಒಂದು ಮರ್ಯಾದೆ."

"ಮರ್ಯಾದೆ ಅಲ್ಲ ಮಾರಾಯ್ರೆ. ಹೆಸರು ಹೇಳಿದರೆ ಏಳ್ಬೇಕಲ್ಲ, ಅದಕ್ಕೆ ತಯಾರಿ. ಹೌದಾ ಅಲ್ವಾ ಹೇಳಿ, ನಾನು ಯಾರಿಗೂ ಹೇಳುದಿಲ್ಲ."

"ನಿಮಗೆ ಸುಮ್ಮನಿರ್ಲಿಕ್ಕೆ ಆಗುದಿಲ್ವಾ?" ಎಂದು ಸ್ಟೆಲ್ಲಾ ಹಿಂದಿನಿಂದ ಗದರಿದರು. "ನಿಮಗೇ ಬೆಳಿಗ್ಗೆಯಿಂದ ಸುಸ್ತು ಸುಸ್ತು ಅಂತ ಇತ್ತು. ಬಾಯಿಗೆ ಮಾತ್ರ ಸುಸ್ತಿಲ್ಲ."

ಗೇಟಿನಲ್ಲಿ ನಮ್ಮ ಮೊಬೈಲುಗಳನ್ನು ಇಸಿದುಕೊಂಡರು. ಗ್ಯಾಲರಿಯ ಬಾಗಿಲಲ್ಲಿ ಸಮವಸ್ತ್ರ ಹಾಕಿದ ಸಿಬ್ಬಂದಿಯೊಬ್ಬರು ಕಟ್ಟುಪಾಡು ಹೇಳಿದರು. ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಕಟಕಟೆಗೆ ಒರಗಬಾರದು. ನಿಮ್ಮನ್ನು ಗುರುತಿಸಿ ಹೆಸರು ಹೇಳಿದರೆ ಮಾತ್ರ ಎದ್ದು ನಿಂತು, ತಲೆಬಾಗಿಸಿ ಕೂರಬೇಕು.

ಗಂಟೆ ಬಾರಿಸಿತು. ಎಲ್ಲರೂ ಎದ್ದೆವು. ರಾಜದಂಡ ಹೆಗಲ ಮೇಲೆ ಹೊತ್ತ ಅಧಿಕಾರಿ ಮುಂದೆ, ಕಪ್ಪು ಗೌನಿನ ಸಭಾಧ್ಯಕ್ಷರು ಹಿಂದೆ, ನಿಧಾನವಾಗಿ ನಡೆದು ಬಂದರು. ಪ್ರಾರ್ಥನೆಯಾಯಿತು. ದಂಡವನ್ನು ಮೇಜಿನ ಮೇಲೆ ಇಟ್ಟ ಮೇಲೆ ಕುಳಿತೆವು.

"ನಮ್ಮ ಸ್ಟಾಫ್ ಮೀಟಿಂಗೇ ಇದು," ಎಂದು ಆಲ್ಬರ್ಟ್ ನನ್ನ ಕಿವಿಯಲ್ಲಿ ಹೇಳಿದರು. "ಒಂದು ದೊಣ್ಣೆ ಮಾತ್ರ ಹೆಚ್ಚು." ಸಿಬ್ಬಂದಿ ನಮ್ಮನ್ನೇ ದಿಟ್ಟಿಸಿದರು. ನಾನು ಬೆವತೆ. ಆಲ್ಬರ್ಟ್ ಅವರಿಗೊಂದು ಮುಗುಳ್ನಗೆ ಬೀರಿದರು. ಆ ಮನುಷ್ಯ ನಕ್ಕೇಬಿಟ್ಟರು. ನೋಡಿ, ಇದನ್ನೇ ನಾನು ಹೇಳುವುದು.

ಸಚಿವಾಲಯದ ವರದಿಗಳನ್ನು ಒಂದೊಂದಾಗಿ ಸದನದ ಮುಂದಿಟ್ಟರು. ನಾಗರಿಕರ ಮನವಿಯೊಂದನ್ನು ಓದಿ ಸಮಿತಿಗೆ ಕಳಿಸಿದರು. ನಮ್ಮ ಹಿಂದಿನ ಸಾಲಿನಲ್ಲಿ ಒಂದು ಶಾಲೆಯ ಮಕ್ಕಳಿದ್ದರು. ಸಭಾಧ್ಯಕ್ಷರು ಆ ಶಾಲೆಯ ಹೆಸರು ಹೇಳಿ ಸ್ವಾಗತಿಸಿದಾಗ ಮಕ್ಕಳು ದಡಬಡ ಎದ್ದು ತಲೆಬಾಗಿಸಿ ಕುಳಿತರು. ಕೆಳಗೆ ಸದಸ್ಯರು ನೆಲಕ್ಕೆ ಬೂಟು ಬಡಿದರು. ಅಲ್ಲಿ ಮೆಚ್ಚುಗೆ ತೋರಿಸುವುದು ಕಾಲಿನಿಂದ. ಏಳುವುದು ಹೇಗೆ, ಬಾಗುವುದು ಎಷ್ಟು ಎಂದು ನಾನು ಆ ಮಕ್ಕಳನ್ನು ನೋಡಿ ಮನಸ್ಸಿನಲ್ಲೇ ಒಮ್ಮೆ ಅಭ್ಯಾಸ ಮಾಡಿಕೊಂಡೆ.

ಆಮೇಲೆ ಚರ್ಚೆ. ಇಬ್ಬರು ಮೂವರು ಮಾತಾಡಿದ ಮೇಲೆ ಅಚಿಯೆಂಗ್ ಸರದಿ ಬಂತು. ಹೊಸ ಸದಸ್ಯರ ಮೊದಲ ಭಾಷಣಕ್ಕೆ ಯಾರೂ ಅಡ್ಡ ಬರಬಾರದು ಎಂಬ ಸಂಪ್ರದಾಯ ಅಲ್ಲಿದೆ. ಸದನ ಸುಮ್ಮನಾಯಿತು. ಅವಳು ತನ್ನ ಊರಿನ ಜನರಿಗೆ ವಂದನೆ ಹೇಳಿದಳು, ತಾಯಿಯನ್ನು ನೆನೆದಳು. ಗ್ಯಾಲರಿಯವರ ಬಗ್ಗೆ ಸದಸ್ಯರು ಸಾಮಾನ್ಯವಾಗಿ ಮಾತಾಡುವುದಿಲ್ಲವಂತೆ. ಮೊದಲ ಭಾಷಣವೆಂದು ಸಭಾಧ್ಯಕ್ಷರು ಬಿಟ್ಟಿರಬೇಕು.

"ಭಾರತದಿಂದ ಬಂದು ನಮ್ಮ ಮಕ್ಕಳಿಗೆ ಪಾಠ ಹೇಳಿದ ಒಬ್ಬ ಮೇಷ್ಟ್ರು ಇವತ್ತು ಗ್ಯಾಲರಿಯಲ್ಲಿ ಕುಳಿತಿದ್ದಾರೆ," ಎಂದಳು.

ನಾನು ಆಲ್ಬರ್ಟರ ಕಡೆ ನೋಡಿದೆ. ಅವರು ಬಲಗೈಯಿಂದ ಮೀಸೆ ತೀಡಿಕೊಳ್ಳುತ್ತಿದ್ದರು. ಅದನ್ನು ಕಂಡು ನನಗೆ ಮೈ ಉರಿಯಿತು. ಅವರಿಗೆ ಅವಕಾಶವೇ ಕೊಡಬಾರದು ಎನ್ನುವ ಹಾಗೆ ಕೋಟಿನ ಗುಂಡಿ ಹಾಕಿಕೊಂಡು ಎದ್ದೆ.

ನಾನು ನೆಟ್ಟಗೆ ನಿಂತ ಮೇಲೆ ಅವಳು ಹೆಸರು ಹೇಳಿದಳು. "ಮ್ವಾಲಿಮು ಡಿಸೋಜ." ಮ್ವಾಲಿಮು ಎಂದರೆ ಅಲ್ಲಿ ಮೇಷ್ಟ್ರು.

ಸದಸ್ಯರು ತಲೆಯೆತ್ತಿ ನೋಡಿದರು. ನಿಂತಿದ್ದವನು ನಾನೊಬ್ಬನೇ. ಬೂಟುಗಳು ನೆಲ ಬಡಿಯತೊಡಗಿದವು. ಆ ಸದ್ದು ಕಟ್ಟಡದ ಮೂಲಕ ನನ್ನ ಅಂಗಾಲಿನವರೆಗೆ ಬಂತು. ಅದು ನನ್ನದಲ್ಲ ಎಂದು ಗೊತ್ತು. ಆದರೂ ಮಂಡಿ ಮಡಿಯಲಿಲ್ಲ. ಹಿಂದಿದ್ದ ಮಕ್ಕಳು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದರು. ಅಚಿಯೆಂಗ್ ಮಾತ್ರ ಹುಬ್ಬು ಗಂಟಿಕ್ಕಿದ್ದಳು.

ಆಗ ನನಗೆ ಬಂದ ಯೋಚನೆ ಇದು: ಈ ಮನುಷ್ಯ ಯಾಕೆ ಏಳುತ್ತಿಲ್ಲ? ತನ್ನ ಹೆಸರು ಹೇಳಿದರೂ ಕೂತೇ ಇದ್ದಾರಲ್ಲ, ನನ್ನ ಪೇಚಾಟ ನೋಡಿ ಮಜಾ ತೆಗೆದುಕೊಳ್ಳುತ್ತಿದ್ದಾರೆ! ಎಲ್ಲರೂ ನನ್ನ ಕಡೆಗೋ ಅಚಿಯೆಂಗ್ ಕಡೆಗೋ ನೋಡುತ್ತಿದ್ದಾಗ ನಾನು ಬಗ್ಗಿ ಆಲ್ಬರ್ಟರ ಮುಖ ನೋಡಿದೆ. ಅವರ ಗೆದ್ದ ನಗು ಹೇಗಿದೆ ಎಂದು ನೋಡಬೇಕಿತ್ತು.

ನಗು ಇತ್ತು. ಅರ್ಧ ಇತ್ತು. ನನ್ನ ಕಡೆಗಿದ್ದ ಬಲಭಾಗ ನಗುತ್ತಿರಲಿಲ್ಲ. ಬಾಯಿಯ ಆ ಅಂಚು ಜಾರಿತ್ತು, ಕೆನ್ನೆ ಜೋತಿತ್ತು. ಮೀಸೆ ತೀಡುತ್ತಿದ್ದ ಕೈ ತೊಡೆಯಿಂದ ಜಾರಿ ಎರಡು ಕುರ್ಚಿಗಳ ನಡುವೆ ತೂಗುತ್ತಿತ್ತು. ಏಳಲು ಅವರು ಪ್ರಯತ್ನಿಸುತ್ತಿದ್ದರು. ಎಡಗಾಲು ಮಾತ್ರ ಊರಿಕೊಳ್ಳುತ್ತಿತ್ತು. ಆಚೆ ಬದಿಯಲ್ಲಿ ಸ್ಟೆಲ್ಲಾ ಕೆಳಗೆ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಕಡೆಗಿದ್ದದ್ದು ಒಳ್ಳೆಯ ಅರ್ಧ.

"ಆಲ್ಬರ್ಟ್," ಎಂದೆ. ಅವರು ನನ್ನನ್ನು ನೋಡಿ ಏನೋ ಹೇಳಿದರು. ಮಾತಾಗಿ ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಆ ಬಾಯಿಗೆ ಮಾತು ಸಿಗದೇ ಇದ್ದದ್ದನ್ನು ನಾನು ಕಂಡಿರಲಿಲ್ಲ. ಅವರ ಕಣ್ಣಿನಲ್ಲಿದ್ದ ಹೆದರಿಕೆಯನ್ನು ನಾನು ವರ್ಣಿಸಲಾರೆ.

ಬೂಟಿನ ಸದ್ದು ನಿಂತಿತ್ತು. ಅಚಿಯೆಂಗ್ ಮುಂದಿನ ವಾಕ್ಯ ಶುರುಮಾಡಿದ್ದಳು. ನಾನು ಕಿರುಚಿದೆ. ಇಂಗ್ಲಿಷೂ ಬರಲಿಲ್ಲ, ಸ್ವಾಹಿಲಿಯೂ ಬರಲಿಲ್ಲ. "ಯಾರಾದ್ರೂ ಬನ್ರೀ! ಇವರಿಗೆ ಏನೋ ಆಗೋಯ್ತು, ಬನ್ರೀ!" ಎಂದು ಕೀನ್ಯಾದ ರಾಷ್ಟ್ರೀಯ ಸಭೆಯಲ್ಲಿ ಕನ್ನಡದಲ್ಲಿ ಕಿರುಚಿದೆ.

ಇಬ್ಬರು ಸಿಬ್ಬಂದಿ ಬಂದು ನನ್ನ ತೋಳು ಹಿಡಿದರು. ಹೊರಗೆ ಎಳೆದೊಯ್ಯಲು ಬಂದವರು. ಕೆಳಗೆ ಸದಸ್ಯರೊಬ್ಬರು ಎದ್ದು, ಹೊರಗಿನವರು ಸದನಕ್ಕೆ ಅಡ್ಡಿ ಮಾಡುತ್ತಿದ್ದಾರೆ ಎಂದು ಕ್ರಿಯಾಲೋಪದ ಆಕ್ಷೇಪ ಎತ್ತಿದರು. ನಾನು ಬಿಡಿಸಿಕೊಳ್ಳಲು ಹೋಗದೆ ಬಗ್ಗಿ ಆಲ್ಬರ್ಟರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಸಿಬ್ಬಂದಿಯ ಕಡೆ ತಿರುಗಿಸಿದೆ. ಅವರಲ್ಲೊಬ್ಬರು ಮೊದಲು ನಕ್ಕಿದ್ದವರೇ. ತಕ್ಷಣ ನನ್ನ ತೋಳು ಬಿಟ್ಟರು. ಸ್ಟೆಲ್ಲಾ ಆಗ ನೋಡಿದರು. "ಯೇಸುವೇ" ಎಂದರು, ಅಷ್ಟೇ.

ಸಭಾಧ್ಯಕ್ಷರು ಕ್ರಿಯಾಲೋಪ ಎತ್ತಿದವರನ್ನು ಕೂರಿಸಿದರು. ಸದನದಲ್ಲಿ ವೈದ್ಯರಾದ ಸದಸ್ಯರಿದ್ದರೆ ಮೇಲೆ ಹೋಗಿ ಎಂದರು. ಹಿಂದಿನ ಬೆಂಚಿನಿಂದ ಹೆಂಗಸೊಬ್ಬರು ಎದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಒಮ್ಮೆ ಮುಖ ನೋಡಿ, ಕೈ ಎತ್ತಿಸಿ ನೋಡಿ, ಆಂಬುಲೆನ್ಸ್ ತರಿಸಿದರು. ಅವರೂ ಜೊತೆಗೆ ಹತ್ತಿದರು. ನೈರೋಬಿಯ ಜಾಮ್ ಗೊತ್ತಿರುವವರಿಗೆ ಆ ದಾರಿಯ ಬಗ್ಗೆ ಹೇಳಬೇಕಾಗಿಲ್ಲ.

ಪಾರ್ಕ್‌ಲ್ಯಾಂಡ್ಸ್‌ನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಅಲ್ಲಿನ ವೈದ್ಯ ಗುಜರಾತಿ ಯುವಕ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಇದೆ ಎಂದ. ಆದರೆ ಸ್ಟ್ರೋಕ್ ಆಗಿ ಹೆಚ್ಚು ಹೊತ್ತಾಗಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. "ಇದು ಯಾವಾಗ ಶುರುವಾಯಿತು?" ಎಂದು ಕೇಳಿದ.

ಸ್ಟೆಲ್ಲಾ ಅಳುತ್ತ, ಬೆಳಿಗ್ಗೆಯಿಂದ ಸುಸ್ತು ಎನ್ನುತ್ತಿದ್ದರು ಎಂದರು. ವೈದ್ಯನ ಮುಖ ಗಂಭೀರವಾಯಿತು. ಬೆಳಿಗ್ಗೆಯೇ ಶುರುವಾಗಿದ್ದರೆ ಕೊಡುವಂತಿಲ್ಲ ಎಂದ.

"ಬೆಳಿಗ್ಗೆ ಅಲ್ಲ," ಎಂದೆ ನಾನು. "ಅವಳು ಮೇಷ್ಟ್ರು ಎಂದಾಗ ಬಲಗೈಯಿಂದ ಮೀಸೆ ತೀಡಿದರು. ಬೂಟಿನ ಸದ್ದು ನಿಲ್ಲುವ ಮೊದಲು ಆ ಕೈ ಬಿದ್ದಿತ್ತು. ಅದಕ್ಕೆ ಮುಂಚೆ ನನ್ನ ಹತ್ತಿರ ಮಾತಾಡಿದ್ದರು, ಸ್ಪಷ್ಟವಾಗಿ."

"ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ? ನೀವು ಭಾಷಣ ನೋಡಲು ಹೋದವರಲ್ಲವೇ?"

"ನಾನು ಇವರನ್ನೇ ನೋಡ್ತಾ ಇದ್ದೆ."

ವೈದ್ಯ ನನ್ನನ್ನೂ ಸ್ಟೆಲ್ಲಾರನ್ನೂ ನೋಡಿದ. ಸ್ಟೆಲ್ಲಾ ಮೂಗು ಒರೆಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ನಂಬಿ ಡಾಕ್ಟರ್. ಇವರಿಗೆ ನನ್ನ ಗಂಡನ ಮೇಲೆ ಹೊಟ್ಟೆಕಿಚ್ಚು. ಬೇರೆ ಯಾವ ಕಡೆಯೂ ನೋಡುದಿಲ್ಲ."

ಅಚಿಯೆಂಗ್ ಭಾಷಣ ಶುರುಮಾಡಿದ ಹೊತ್ತು ಆ ವೈದ್ಯೆ ಸದಸ್ಯೆಗೆ ಗೊತ್ತಿತ್ತು. ನನ್ನ ಮಾತಿಗೆ ಅದನ್ನು ಸೇರಿಸಿ ಲೆಕ್ಕ ಹಾಕಿದರು. ಹೊತ್ತು ಇನ್ನೂ ಮೀರಿರಲಿಲ್ಲ. ಇಂಜೆಕ್ಷನ್ ಕೊಟ್ಟರು. ಕೊಟ್ಟ ಮೇಲೆ ನನಗೆ ಅನುಮಾನ ಶುರುವಾಯಿತು. ನಾನು ತಪ್ಪು ನೋಡಿದ್ದರೆ? ಆ ಮೀಸೆ ತೀಡಿದ್ದು ಎಡಗೈ ಆಗಿದ್ದರೆ? ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಅದೊಂದನ್ನೇ ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಪ್ರತಿಸಲವೂ ಬಲಗೈ.

ಮರುದಿನ ಅವರ ಬಲಗೈಯ ಬೆರಳು ಅಲುಗಿತು. ಮೂರನೆಯ ದಿನ ಒಂದು ಮಾತು ಹೊರಟಿತು, ತೊದಲುತ್ತ. "ಮೇಷ್ಟ್ರೇ, ಸೂಟು... ಚೆಂದ ಉಂಟು."

ಆ ವಾರವೇ ಅಚಿಯೆಂಗ್ ಆಸ್ಪತ್ರೆಗೆ ಬಂದಳು. ಭಾಷಣದ ಉಳಿದ ಭಾಗವನ್ನು ಮುಂದಿನ ಕಲಾಪದಲ್ಲಿ ಮುಗಿಸಲು ಸಭಾಧ್ಯಕ್ಷರು ಅವಕಾಶ ಕೊಟ್ಟಿದ್ದರಂತೆ. ಕಾರಿಡಾರಿನಲ್ಲಿ ನನ್ನ ಕೈ ಹಿಡಿದು, "ನಿಮ್ಮ ಹೆಸರೂ ಇತ್ತು ಸರ್. ಭಾಷಣ ಉದ್ದವಾಯಿತು ಎಂದು ತೆಗೆದೆ. ಕಳೆಯುವುದು ಕಲಿಸಿದವರು ನೀವೇ ಅಲ್ಲವೇ?" ಎಂದು ನಕ್ಕಳು. ನಾನೂ ನಕ್ಕೆ. ಎದೆಯಲ್ಲಿ ಏನೋ ಚುಚ್ಚಿದ್ದು ಸುಳ್ಳಲ್ಲ. ಇವತ್ತಿಗೂ ಚುಚ್ಚುತ್ತದೆ. ಮುಂದಿನ ಕಲಾಪಕ್ಕೆ ನಾನೊಬ್ಬನೇ ಹೋಗಿ ಅದೇ ಸಾಲಿನಲ್ಲಿ ಕುಳಿತೆ. ಅವಳು ತನ್ನ ಊರಿನ ಕುಡಿಯುವ ನೀರಿನ ಬಗ್ಗೆ ಮಾತಾಡಿ ಮುಗಿಸಿದಳು. ಮೇಷ್ಟ್ರುಗಳ ಸುದ್ದಿ ಬರಲಿಲ್ಲ.

ನಾನು ಒಳ್ಳೆಯ ಸ್ನೇಹಿತ, ಅದಕ್ಕೇ ಅಷ್ಟು ಗಮನವಿತ್ತು ಎಂದು ನಮ್ಮ ಜನ ಹೊಗಳುತ್ತಾರೆ. ಗಮನವಿದ್ದದ್ದು ನಿಜ. ಪ್ರೀತಿಯಿಂದ ನೋಡುತ್ತಿದ್ದಿದ್ದರೆ ಸ್ಟೆಲ್ಲಾರ ಹಾಗೆ ನಾನೂ ಕೆಳಗೆ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದೆನೋ ಏನೋ.

ಅಂದು ಅದನ್ನು ಕಂಡವರಲ್ಲಿ ಸ್ಟೆಲ್ಲಾ ಇದ್ದಾರೆ, ಅದೇ ಕಟ್ಟಡದಲ್ಲಿ, ನಮ್ಮ ಮೇಲಿನ ಮನೆಯಲ್ಲಿ. ಅಚಿಯೆಂಗ್ ಇದ್ದಾಳೆ, ಮುಂದಿನ ಚುನಾವಣೆಯಲ್ಲಿ ಸೋತು ಈಗ ವಕೀಲಿ ಮಾಡುತ್ತಾಳೆ. ಚಪ್ಪಲಿ ಕೈಯಲ್ಲಿ ಹಿಡಿದು ಬಂದ ವೈದ್ಯೆ ಇದ್ದಾರೆ, ಕ್ರಿಸ್‌ಮಸ್ಸಿಗೆ ಫೋನ್ ಮಾಡುತ್ತಾರೆ. ನನ್ನ ತೋಳು ಹಿಡಿದು ಬಿಟ್ಟ ಆ ಸಿಬ್ಬಂದಿ ನಿವೃತ್ತರಾಗಿ ಊರಿಗೆ ಹೋದರೆಂದು ಕೇಳಿದ್ದೇನೆ. ಮತ್ತೆ ಆಲ್ಬರ್ಟ್ ಡಿಸೋಜ ಇದ್ದಾರೆ. ಅವರಿಗೆ ಅಂದಿನದು ಏನೂ ನೆನಪಿಲ್ಲ. ಆದರೂ ಯಾರ ಮನೆಯಲ್ಲಿ ನಾಲ್ಕು ಜನ ಸೇರಲಿ, ಈ ಕತೆಯನ್ನು ಹೇಳಿ ಎಂದು ಕೇಳುವುದು ಅವರನ್ನೇ. ಬಲಗೈ ಬೀಸಿ ಬೀಸಿ ಹೇಳುತ್ತಾರೆ. ನನಗಿಂತ ಚೆನ್ನಾಗಿ ಹೇಳುತ್ತಾರೆ.