ಒತ್ತಿನ ಸಾಲಿನ ಚಿಕ್ಕಸಿದ್ದಮ್ಮ

ಬೆಳಗಿನ ಆರು ಗಂಟೆ. ಗಾವಡಗೆರೆ ಸಮೀಪದ ಹೆಬ್ಬೇವಿನ ತೋಪಿನಲ್ಲಿ ಚಿಕ್ಕಸಿದ್ದಮ್ಮ ಮರವೊಂದಕ್ಕೆ ಎದೆಮಟ್ಟದಲ್ಲಿ ಅಳತೆಯ ಟೇಪು ಸುತ್ತುತ್ತಿದ್ದಾರೆ. ಕಣ್ಣು ಮಾತ್ರ ಕಾಲುದಾರಿಯ ಆಚೆಗಿದೆ. ಅಲ್ಲಿ ಅವರ ವಾರಗಿತ್ತಿ ಭದ್ರಮ್ಮ ಅಳೆಯುತ್ತಿರುವ ಮರಗಳು ಇವರ ಮರಗಳಿಗಿಂತ ಒಂದೂವರೆ ಪಟ್ಟು ದಪ್ಪ.

ಎರಡೂ ಕಡೆ ಸಸಿ ನೆಟ್ಟದ್ದು ಒಂದೇ ದಿನ, ಎಂಟು ವರ್ಷದ ಹಿಂದೆ. ಇಲ್ಲಿ ಗಿಡದಿಂದ ಗಿಡಕ್ಕೆ ಎರಡು ಮೀಟರ್, ಅಲ್ಲಿ ಐದು. ಎಷ್ಟು ಅಂತರಕ್ಕೆ ಮರ ಹೇಗೆ ಬೆಳೆಯುತ್ತದೆ ಎಂದು ತಿಳಿಯುವ ಪ್ರಯೋಗವಿದು. ಕಟ್ಟೆಮಳಲವಾಡಿಯಿಂದ ಒಟ್ಟಿಗೇ ಕೂಲಿಗೆ ಬಂದ ಇಬ್ಬರಲ್ಲಿ ಚಿಕ್ಕಸಿದ್ದಮ್ಮನ ಪಾಲಿಗೆ ಬಂದದ್ದು ಒತ್ತಿನ ಸಾಲು. ಮುನ್ನೂರು ಮರ, ವರ್ಷಕ್ಕೆರಡು ಸಲ ಅಳತೆ.

"ನೋಡಕ್ ಬಂದೋರೆಲ್ಲ ಅವಳ ಮರದ ತಾವ್ಲೇ ಫೋಟೋ ತೆಗೀತಾರೆ. ಪೇಪರ್ನಾಗೂ ಅವಳೇ ಬಂದ್ಲು. ಮನೇಲಿ ಇರೀ ಸೊಸೆ ನಾನು. ಒಟ್ಟೆ ಉರಿಯಲ್ವಾ?" ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ.

ಆ ಉರಿ ಕಳೆದ ಜನವರಿಯಲ್ಲಿ ಕೈಗೂ ಇಳಿಯಿತು. ಟೇಪನ್ನು ಸಡಿಲ ಬಿಟ್ಟು, ಒಂದೊಂದು ಮರಕ್ಕೂ ಆರೇಳು ಸೆಂಟಿಮೀಟರ್ ಹೆಚ್ಚಿಗೆ ಕೂಗಿದರು. ಬರೆದುಕೊಳ್ಳುತ್ತಿದ್ದ ತೋಪಿನ ಮೇಲ್ವಿಚಾರಕಿ ವಾಣಿಶ್ರೀ ಹಿಗ್ಗಿಬಿಟ್ಟರು. "ಒತ್ತಾಗಿ ನೆಟ್ರೂ ಚೆನ್ನಾಗಿ ದಪ್ಪ ಆಗ್ತಾ ಇವೆಯಲ್ಲ! ಪಿರಿಯಾಪಟ್ಟಣದ ರೈತರಿಗೆ ಹೀಗೇ ನೆಡಿ ಅಂತ ಹೇಳೋಣ."

ಅಳತೆ ಮುಗಿದ ದಿನ ಮಧ್ಯಾಹ್ನ ಮುದ್ದೆಯ ಮುಂದೆ ಕೂತಾಗ ಚಿಕ್ಕಸಿದ್ದಮ್ಮನಿಗೆ ಹೊಳೆಯಿತು: ತನ್ನ ಮಾತು ನಂಬಿ ಯಾರೋ ಹೊಲ ತುಂಬ ಗಿಡ ನೆಟ್ಟು, ಎಂಟು ವರ್ಷ ಕಾದು, ಸಣಕಲು ಮರ ನೋಡುತ್ತಾರೆ. ಕೈತೊಳೆದು ನೇರ ವಾಣಿಶ್ರೀಯ ಬಳಿಗೆ ಹೋದರು.

"ಬರ್ಕೊಂಡಿರದ್ನೆಲ್ಲ ಒಡೆದಾಕವ್ವ. ನಾನು ಟೇಪು ಸಡ್ಲ ಬುಟ್ಟಿದ್ದೆ."

ವಾಣಿಶ್ರೀ ಬೈಯಲಿಲ್ಲ. ಆದರೆ ಮುನ್ನೂರು ಮರವನ್ನೂ ಮತ್ತೆ ಅಳೆಸಿದರು, ಜೊತೆಗೆ ಭದ್ರಮ್ಮನನ್ನೇ ಕಳಿಸಿ. "ಅಕ್ಕ, ಇನ್ನೊಸಿ ಬಿಗಿಯಾಗಿ ಎಳಿ" ಎಂದು ಭದ್ರಮ್ಮ ಹೇಳಿದಾಗಲೆಲ್ಲ ಚಿಕ್ಕಸಿದ್ದಮ್ಮ ಹಲ್ಲು ಕಚ್ಚಿಕೊಂಡರು, ಮೂರು ದಿನ. ಟೇಪು ಮಾತ್ರ ಎಳೆದರು.

ಈಗ ವಾಣಿಶ್ರೀ ರೈತರಿಗೆ ಅನುಮಾನವಿಲ್ಲದೆ ಹೇಳುತ್ತಾರೆ: ದಪ್ಪ ದಿಮ್ಮಿ ಬೇಕಿದ್ದರೆ ಐದು ಮೀಟರ್, ನೆಟ್ಟನೆಯ ಗಳ ಸಾಕೆಂದರೆ ಎರಡು.

ವಾರಗಿತ್ತಿಯ ಮೇಲಿನ ಹೊಟ್ಟೆಕಿಚ್ಚು ಇಳಿಯಿತೇ ಎಂದರೆ ಚಿಕ್ಕಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಎಲ್ ಇಳೀತದೆ ಬುಡಿ. ಮುಂದಿನ ತೋಪ್ನಾಗೆ ದೂರದೂರ ನೆಟ್ಟ ಸಾಲು ನಂಗೆ ಕೊಡ್ಲಿ. ಭದ್ರಿ ಮರಕ್ಕಿಂತ ಒಂದು ಬೆರಳಾದ್ರೂ ದಪ್ಪ ಬರ್ಲಿ. ಟೇಪು ಬೇಕಾರೆ ಅವಳೇ ಎಳೀಲಿ."