ಕಡಿಮೆ ಓಡಿದ ಕಾರಿನ ಬೆಲ್ಟು

ಮೊಮ್ಮಗಳಿಗೆ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ. ಕಾಪುವಿನ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೇ ಹೊರಡಬೇಕು, ಎರಡು ಬಸ್ಸು ಹತ್ತಬೇಕು. ಹಾಗಾಗಿ ಕಲ್ಯಾಣಪುರದಲ್ಲಿ ಅವಳೇ ಒಂದು ಹಳೆಯ ಕಾರು ನೋಡಿದಳು. ಕಾರಿನ ಯಜಮಾನ ಗಲ್ಫಿನಲ್ಲಿ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಮಾತ್ರ ಓಡಿಸಿದ್ದು. ಉಳಿದಂತೆ ಅವರ ಅಣ್ಣ ಪ್ರತಿ ಆದಿತ್ಯವಾರ ಸ್ಟಾರ್ಟ್ ಮಾಡಿ, ಒರೆಸಿ, ಮತ್ತೆ ಹೊದಿಕೆ ಹಾಕುತ್ತಿದ್ದರು. ಒಂಬತ್ತು ವರ್ಷದ ಕಾರು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಕಿಲೋಮೀಟರ್ ನೋಡಿದ್ದೇ ತಡ, ನನ್ನ ಮಗ ಒಪ್ಪಿಬಿಟ್ಟ. ಗಲ್ಫಿನವರ ಕಾರು ಎಂದರೆ ನಮ್ಮಲ್ಲಿ ಹಾಗೆಯೇ, ಯಾರೂ ಬಾನೆಟ್ ಎತ್ತಿ ನೋಡುವುದಿಲ್ಲ.

ಕಾರು ನೋಡಲು ಹೋದ ದಿನ ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿದೆ, "ಇದರ ಎಂಜಿನಿನಲ್ಲಿ ಇರುವುದು ಚೈನೋ, ಬೆಲ್ಟೋ?"

ಮಗ ನಕ್ಕ. "ಇದೆಂತ ಅಮ್ಮ, ನಿಮ್ಮ ಹಿಟ್ಟಿನ ಮಿಲ್ಲಾ?"

ನಗಲಿ. ಫೋನಿನಲ್ಲಿ ಟೈಪ್ ಮಾಡಲು ಕಲಿತ ಮೇಲೆ ಆ ವಾರವಿಡೀ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನಾನು ಅದನ್ನೇ ಹುಡುಕಿ ಓದಿದ್ದೆ. ಎಂಜಿನಿನ ಕೆಳಗೆ ಪಿಸ್ಟನ್, ಮೇಲೆ ವಾಲ್ವ್. ಎರಡೂ ತಾಳ ತಪ್ಪದೆ ಆಡುವಂತೆ ಹಿಡಿದಿಡುವುದು ಒಂದೋ ಚೈನು, ಇಲ್ಲವೇ ಬೆಲ್ಟು. ಚೈನು ಉಕ್ಕಿನದು, ಎಣ್ಣೆಯಲ್ಲೇ ತಿರುಗುತ್ತದೆ, ಎಣ್ಣೆ ಸರಿಯಾಗಿ ಬದಲಿಸಿದರೆ ಬಹಳ ಕಾಲ ಬಾಳುತ್ತದೆ. ಸಡಿಲವಾದರೆ ನನ್ನ ಹಾಗೆ ಕಟಕಟ ಎಂದು ಗೊಣಗುತ್ತದೆ. ಬೆಲ್ಟು ರಬ್ಬರಿನದು. ನನ್ನ ಗಂಡನ ಹಾಗೆ ಬಾಯಿ ಬಿಡದೆ ದುಡಿದು ಒಂದು ದಿನ ಇದ್ದಕ್ಕಿದ್ದಂತೆ ಹರಿಯುತ್ತದೆ. ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಕಾರು ಇದ್ದಲ್ಲೇ ನಿಲ್ಲುತ್ತದೆ. ಹೈವೇಯಲ್ಲಿ, ಲಾರಿಗಳ ಮಧ್ಯೆ, ಒಬ್ಬಳೇ ಹುಡುಗಿ.

ಈ ಕಾರಿನಲ್ಲಿದ್ದದ್ದು ಬೆಲ್ಟು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬದಲಿಸಿಲ್ಲವಂತೆ. ನನಗೆ ಕಾರ್ಕಳದಲ್ಲಿ ಹಿಂದೆ ನಾವು ನಡೆಸುತ್ತಿದ್ದ ಹಿಟ್ಟಿನ ಮಿಲ್ಲು ನೆನಪಾಯಿತು. ಅಲ್ಲಿ ಮೆಣಸು ಪುಡಿ ಮಾಡುವ ಮೆಷಿನು ಎರಡು ವರ್ಷ ಸುಮ್ಮನೆ ನಿಂತಿತ್ತು. ದಿನವೂ ಓಡುವ ಮೆಷಿನಿನ ಬೆಲ್ಟಿಗೆ ಏನೂ ಆಗಲಿಲ್ಲ. ನಿಂತದ್ದರ ಬೆಲ್ಟು, ಸ್ಟಾರ್ಟ್ ಮಾಡಿದ ದಿನವೇ ಹರಿದು ಗೋಡೆಯ ಗಾರೆ ಕಿತ್ತಿತ್ತು.

ಕಡಿಯಾಳಿಯ ಒಬ್ಬ ಮೆಕ್ಯಾನಿಕ್ ಹತ್ತಿರ ತೋರಿಸದೆ ಮಾತು ಕೊಡುವುದಿಲ್ಲ ಎಂದು ಹಟ ಹಿಡಿದೆ. ಯಜಮಾನರ ಅಣ್ಣನವರಿಗೆ ಇಷ್ಟವಾಗಲಿಲ್ಲ, ಆದರೂ ಬಂದರು. ಮೆಕ್ಯಾನಿಕ್ ಮೀಟರ್ ನೋಡಿ ಕೈ ಒರೆಸಿಕೊಂಡ.

"ಅಮ್ಮ, ಇಷ್ಟು ಕಮ್ಮಿ ಓಡಿದ್ದಕ್ಕೆ ಎಂತದೂ ಆಗುವುದಿಲ್ಲ."

"ಓಡಿದ್ದು ಕಮ್ಮಿ, ಸರಿ. ರಬ್ಬರಿಗೆ ವಯಸ್ಸಾಗುವುದಿಲ್ವಾ? ಬೆಲ್ಟಿನ ಮುಚ್ಚಳ ತೆಗಿ ಮಾರಾಯ."

ತೆಗೆದ. ಬೆಲ್ಟನ್ನು ಬೆರಳಲ್ಲಿ ಸ್ವಲ್ಪ ತಿರುಚಿದ. ಬೇಸಗೆಯಲ್ಲಿ ಒಡೆದ ಹಿಮ್ಮಡಿಯ ಹಾಗೆ ಉದ್ದಕ್ಕೂ ಬಿರುಕು. ಅವನು ಟಾರ್ಚನ್ನು ನನ್ನ ಮಗನ ಕೈಗೆ ಕೊಟ್ಟ. ಮಗ ಬಗ್ಗಿ ಆ ಬಿರುಕಿನ ಮೇಲೆ ಬೆರಳು ಆಡಿಸಿ ನೋಡಿದ. ಅಣ್ಣನವರ ಮುಖ ಮಾತ್ರ ಸಣ್ಣದಾಯಿತು. ಮಗುವಿನ ಹಾಗೆ ನೋಡಿಕೊಂಡ ಕಾರು, ಪಾಪ. ಅವರು ತಪ್ಪು ಮಾಡಲಿಲ್ಲ, ಕಾರನ್ನು ಅತಿಯಾಗಿ ಮುದ್ದು ಮಾಡಿದರು ಅಷ್ಟೇ ಎಂದೆ. ಹೊಸ ಬೆಲ್ಟು ಹಾಕಿಸಿಯೇ ಕೊಡುತ್ತೇವೆ ಎಂದರು ಅವರು.

ಬೆಲ್ಟು ಬದಲಿಸುವ ದಿನ ಮೊಮ್ಮಗಳು ರಜೆ ಹಾಕಿ ಕೊನೆಯವರೆಗೂ ಪಕ್ಕದಲ್ಲೇ ನಿಂತಳು. ಬೆಲ್ಟು ಸುತ್ತುವ ಚಕ್ರಗಳಲ್ಲಿ ಗುರುತಿಗೆ ಗುರುತು ಕೂಡಿದೆಯೇ ಎಂದು ನೋಡಲು ಎಂಜಿನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಬೇಕು. ಅವಳು ಸ್ಪ್ಯಾನರ್ ಕೇಳಿ ತೆಗೆದುಕೊಂಡು ತಾನೇ ತಿರುಗಿಸಿದಳು. ಕೂಡಿತು. ಕೆಲಸ ಮುಗಿಸಿದ ಮೆಕ್ಯಾನಿಕ್ ಬಾನೆಟ್ಟಿನ ಒಳಗೆ ಚೀಟಿ ಅಂಟಿಸಿ, ಮುಂದಿನ ಬದಲಾವಣೆ ಯಾವಾಗ ಎಂದು ಕಿಲೋಮೀಟರ್ ಬರೆದ.

"ಆ ಪೆನ್ನು ಸ್ವಲ್ಪ ಕೊಡಿ," ಎಂದಳು ಮೊಮ್ಮಗಳು. ಅದರ ಕೆಳಗೆ ತಿಂಗಳು, ವರ್ಷವನ್ನೂ ದಪ್ಪಗೆ ಬರೆದಳು.